ರೋಮನ್ನರ ಗುಡಿಯ ಮೆಟ್ಟಿಲ ಬಳಿ ಸಿಕ್ಕ ಶೂ

ನೆನೆಸಿದ ಅವರೆಕಾಳನ್ನು ಹಿಸುಕುತ್ತಾ ಕೂತಿದ್ದಾಗ ಫೋನ್ ಬಂತು. ಬನಶಂಕರಿಯ ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ. ಇತಿಹಾಸದ ಮೇಷ್ಟ್ರಾಗಿ ನಿವೃತ್ತರಾಗಿದ್ದ ನಮ್ಮ ಯಜಮಾನರು ರೋಮನ್ನರ ಕಾಲದ ಹಾಳೂರುಗಳನ್ನು ಗೈಡ್ ಜೊತೆ ನೋಡುವ ಪ್ರವಾಸಕ್ಕೆಂದು ಇಟಲಿಗೆ ಹೋಗಿದ್ದರು.

"ಆಂಟಿ, ಗಾಬರಿ ಆಗ್ಬೇಡಿ," ಎಂದಳು ಟೂರ್ ಆಫೀಸಿನ ಹುಡುಗಿ. "ಅಂಕಲ್ ಒಂದು ಗಂಟೆಯಿಂದ ಕಾಣಿಸ್ತಿಲ್ಲ. ಶೂ ಮಾತ್ರ ಸಿಕ್ಕಿದೆ. ಪಕ್ಕದಲ್ಲೇ ಹಳೇ ಬಾವಿ ಇದೆ, ಅದರಲ್ಲಿ ಹುಡುಕ್ತಿದ್ದಾರೆ."

ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ.

"ಶೂ ಹೆಂಗಿತ್ತಮ್ಮ?" ಎಂದೆ.

"ಜೋಡಿಸಿ ಇಟ್ಟಿತ್ತಂತೆ, ಒಳಗೆ ಸಾಕ್ಸ್. ಯಾವುದೋ ಹಾಳು ಗುಡಿ ಮೆಟ್ಟಿಲ ಹತ್ರ."

"ಗುಡಿ ಅಂದ್ಮೇಲೆ ಬಿಚ್ಚಿರ್ತಾರೆ. ಬಾವಿ ಬಿಟ್ಟು ಗುಡಿ ಹಿಂದೆ ನೋಡೋಕೆ ಹೇಳು. ಪ್ರದಕ್ಷಿಣೆ ಹಾಕ್ದೆ ಬರೋರಲ್ಲ ಅವರು."

ಹೇಳಿದೆನಾದರೂ ನನಗೇ ನಂಬಿಕೆ ಇರಲಿಲ್ಲ. ದೇವರ ಮುಂದೆ ಕೂತೆ. ಬಾಯಿಗೆ ಬರುವ ಸ್ತೋತ್ರ ಒಂದೂ ನೆನಪಾಗಲಿಲ್ಲ. "ಯಾರೇ ಫೋನು?" ಎಂದು ಅತ್ತೆ ಕೇಳಿದಾಗ "ರಾಂಗ್ ನಂಬರ್" ಎಂದುಬಿಟ್ಟೆ.

ಮುಕ್ಕಾಲು ಗಂಟೆಯ ಮೇಲೆ ಮತ್ತೆ ಫೋನ್. ಗುಡಿಯ ಹಿಂಗೋಡೆಯ ಬುಡದಲ್ಲಿ, ಪೊದೆಗಳ ನಡುವೆ ಬಿದ್ದಿದ್ದರಂತೆ. ಸಕ್ಕರೆ ನೀರು ಕುಡಿಸಿದ ಮೇಲೆ ಕಣ್ಣು ಬಿಟ್ಟು, "ಇನ್ನೊಂದು ಸುತ್ತು ಬಾಕಿ ಇದೆ" ಎಂದರಂತೆ. ಅಂಗಾಲಿಗೆ ಒಂದು ಗಾಯ, ಅಷ್ಟೇ. ಅದು ಯಾವ ದೇವರ ಗುಡಿಯೋ, ಅವನಿಗೂ ಸೇರಿಸಿ ಕೈಮುಗಿದೆ.

ಅತ್ತೆಯ ಕಾಫಿಗೆ ಹೊತ್ತು ಮೀರಿತ್ತು. ಎದ್ದು ಹಾಲು ಕಾಯಿಸಲು ಇಟ್ಟೆ.