ಸೊನ್ನೆ ನಂಬರಿನ ಮನೆ

ಇವತ್ತು ಬೆಳಿಗ್ಗೆ ಕೊರಿಯರ್‌ನವರು ಫೋನ್ ಮಾಡಿದ್ದರು. ದೇವಸ್ಥಾನದ ಹತ್ತಿರ ನಿಂತಿದ್ದೇನೆ, ಇಲ್ಲಿಂದ ಎಷ್ಟನೇ ಮನೆ ಎಂದು ಕೇಳಿದರು. ನಾಲ್ಕನೆಯದು ಎಂದೆ. ಹೀಗೆ ಹೇಳುವಾಗಲೆಲ್ಲ ನನಗೆ ನಗು ಬರುತ್ತದೆ, ಜೊತೆಗೆ ಸಣ್ಣ ಭಯವೂ ಆಗುತ್ತದೆ. ಏಕೆಂದರೆ ಆ ದೇವಸ್ಥಾನ ಹುಟ್ಟಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ನೀವು ನಂಬುವುದಿಲ್ಲ, ಗೊತ್ತು. ಆದರೂ ಕೇಳಿ.

ನಮ್ಮದು ಸಿ.ವಿ. ರಾಮನ್ ನಗರದ ಹಿಂಬದಿಯ ಒಂದು ಪುಟ್ಟ ಬಡಾವಣೆ. ಹೆಚ್ಚಿನವರು ನನ್ನಂತೆ ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಬಂದು ಮನೆ ಕಟ್ಟಿಕೊಂಡವರು. ಎಲ್ಲಿಂದಲೂ ಬರದವರು ಪಿಳ್ಳಮ್ಮಜ್ಜಿ ಒಬ್ಬರೇ. ಇದೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಸೈಟುಗಳಿಗೆ ಒಂದು, ಎರಡು ಎಂದು ನಂಬರ್ ಕೊಡುವಾಗ ಬೀದಿಯ ಬಾಯಿಗೇ ಅವರ ಹಳೆಯ ಹೆಂಚಿನ ಮನೆ ನಿಂತಿತ್ತು. ಅದು ಸೈಟಲ್ಲ, ಹಾಗಾಗಿ ನಂಬರೂ ಇಲ್ಲ. ಕೊನೆಗೆ ಆಗಿನ ಸಂಘದವರು ಅದರ ಗೋಡೆಯ ಮೇಲೆ ದೊಡ್ಡದಾಗಿ 0 ಎಂದು ಬರೆಸಿದರು. ಬೇರೆ ಯಾರಾದರೂ ಜಗಳಕ್ಕೆ ಬರುತ್ತಿದ್ದರು. ಅಜ್ಜಿ ಮಾತ್ರ ಹಿಗ್ಗಿಹೋದರು. ಒಂದಕ್ಕಿಂತ ಮುಂಚೆ ನಾವಿದ್ವಿ ಅಂತ ಬರೆದಿದ್ದಾರೆ ಎಂದು ಹಾಲಿನವರಿಗೂ ಗ್ಯಾಸಿನವರಿಗೂ ತೋರಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅದು ಸೊನ್ನೆ ಮನೆಯಾಯಿತು.

ಹೀಗಿರುವಾಗ ನಮ್ಮ ಸಂಘದ ಕಾರ್ಯದರ್ಶಿ ಶಿವಶಂಕರಪ್ಪನವರು ಯುರೋಪ್ ಪ್ರವಾಸಕ್ಕೆ ಹೋಗಿಬಂದರು. ಪ್ರವಾಸ ಹೋದವರು ಚಾಕೊಲೇಟ್ ತರುತ್ತಾರೆ, ಇವರು ಒಂದು ಯೋಚನೆ ತಂದರು. ಅಲ್ಲಿ ಗೋಪುರದ ಗಡಿಯಾರಗಳ ಮೇಲೆಲ್ಲ ರೋಮನ್ ಅಂಕಿಗಳೇ ಇರುತ್ತವಂತೆ, ನೋಡಿದರೆ ಕೈಮುಗಿಯಬೇಕು ಅನಿಸುತ್ತದಂತೆ. ನಮ್ಮ ಮನೆಗಳಿಗೂ ಕರಿಕಲ್ಲಿನ ಮೇಲೆ ರೋಮನ್ ನಂಬರ್ ಕೆತ್ತಿಸೋಣ ಎಂದರು. ಸಭೆಯಲ್ಲಿ ಹದಿಮೂರರ ಆಚೆ ರೋಮನ್ ಅಂಕಿ ಬರೆಯಬಲ್ಲವರು ಯಾರೂ ಇರಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ಕಂಪ್ಯೂಟರ್ ಕೆಲಸದವನೆಂದರೆ ಪ್ರಿಂಟರಿನಿಂದ ಗೀಸರಿನವರೆಗೆ ಎಲ್ಲ ಬರುತ್ತದೆಂಬುದು ನಮ್ಮ ಬಡಾವಣೆಯ ನಂಬಿಕೆ.

ನನಗೂ ಹುರುಪು ಬಂತು. ಭಾನುವಾರ ಕೂತು ಒಂದು ಸಾಫ್ಟ್‌ವೇರ್ ಬರೆದೆ. ಈ ಕಡೆ ನಮ್ಮ ಅಂಕಿ ಹಾಕಿದರೆ ಆ ಕಡೆ ರೋಮನ್ ಅಂಕಿ. ಅದಕ್ಕೊಂದು ಕೆಂಪು ಬಟನ್ ಬೇರೆ. ಮನೆ ನಂಬರುಗಳನ್ನೆಲ್ಲ ಒಟ್ಟಿಗೆ ಸುರಿದೆ, ಬಂದದ್ದನ್ನು ನೋಡದೆ ಶಿವಾಜಿನಗರದ ಕಲ್ಲು ಕೆತ್ತುವ ಸಾದಿಕ್ ಭಾಯಿಗೆ ಕಳಿಸಿದೆ. ಕಲ್ಲುಗಳು ಬರುವ ಮೊದಲೇ ಶಿವಶಂಕರಪ್ಪನವರು ಹಳೆಯ ನಂಬರುಗಳ ಮೇಲೆಲ್ಲ ಬಣ್ಣ ಬಳಿಸಿಬಿಟ್ಟರು.

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ. ಮೂವತ್ತೆಂಟನೇ ಮನೆಯ XXXVIII ಎಷ್ಟು ಉದ್ದವಾಯಿತೆಂದರೆ ಕಲ್ಲಿನ ತುದಿ ಪಕ್ಕದ ಮನೆಯ ಕಾಂಪೌಂಡಿಗೆ ನುಗ್ಗಿತು. ಗಾರೆಯವರು ಒಂಬತ್ತು ಮತ್ತು ಹನ್ನೊಂದರ ಕಲ್ಲುಗಳನ್ನು ತಲೆಕೆಳಗಾಗಿ ಕೂರಿಸಿದರು. IX ತಲೆಕೆಳಗಾದರೆ XI, XI ತಲೆಕೆಳಗಾದರೆ IX. ವರ್ಷಗಳಿಂದ ಮಾತು ಬಿಟ್ಟಿದ್ದ ಆ ಎರಡು ಮನೆಯವರು ಮನೆ ತಪ್ಪಿ ಬಂದ ಒಬ್ಬರ ಬಿರಿಯಾನಿಯನ್ನು ಇನ್ನೊಬ್ಬರು ತಿಂದು, ರುಚಿ ವಿಚಾರಿಸಿಕೊಳ್ಳಲು ಶುರುಮಾಡಿದರು.

ಪಿಳ್ಳಮ್ಮಜ್ಜಿಯ ಕಲ್ಲಿನಲ್ಲಿ ಮಾತ್ರ ಏನೂ ಇರಲಿಲ್ಲ. ರೋಮನ್ನರಿಗೆ ಸೊನ್ನೆಯೇ ಗೊತ್ತಿರಲಿಲ್ಲ. ನನ್ನ ಸಾಫ್ಟ್‌ವೇರು 0 ಹಾಕಿದಾಗ ತೆಪ್ಪಗೆ ಖಾಲಿ ಜಾಗ ಕೊಟ್ಟಿತ್ತು. ಸಾದಿಕ್ ಭಾಯಿ ಅದನ್ನೂ ನಿಯತ್ತಿನಿಂದ ಮಾಡಿದ್ದರು. ಕೇಳಿದರೆ, "ಹಾಳೇಲಿ ಏನಿತ್ತೋ ಅದೇ ಹೊಡ್ದಿದೀನಿ ಸಾರ್. ಖಾಲಿ ಅಂತ ಪಾಲಿಶ್ ಜಾಸ್ತಿ ಕೊಟ್ಟಿದೀನಿ" ಎಂದರು.

ಅಜ್ಜಿಗೆ ಸಮಾಧಾನ ಹೇಳಲು ಹೋದೆ. ರೋಮನ್ನರ ವಿಷಯ ವಿವರಿಸಿದೆ. ಅವರು ಕಲ್ಲನ್ನು ಸೆರಗಿನಿಂದ ಒರೆಸುತ್ತ ಕೇಳಿದರು. "ಎಲ್ರಿಗೂ ನಂಬರ್ ಐತೆ. ನೆಲ ಕೊಟ್ಟೋಳು ನಾನು. ನಾನಿದೀನಾ ಇಲ್ವಾ, ಅದ್ ಹೇಳಪ್ಪ."

ನಾನು ಮನೆಗೆ ಬಂದು ಸಾಫ್ಟ್‌ವೇರ್ ತಿದ್ದಿ, ಸೊನ್ನೆ ಹಾಕಿದರೆ ಸೊನ್ನೆಯೇ ಬರುವಂತೆ ಮಾಡಿದೆ. ಶಿವಶಂಕರಪ್ಪನವರು ಒಪ್ಪಲಿಲ್ಲ. ರೋಮನ್ ಸಾಲಿನಲ್ಲಿ ಸೊನ್ನೆ ಬಂದರೆ ಮರ್ಯಾದೆ ಹೋಗುತ್ತದೆ ಎಂದರು. ಯಾರ ಮರ್ಯಾದೆ ಎಂದು ಹೇಳಲಿಲ್ಲ.

ಅಜ್ಜಿ ಮತ್ತೆ ಕೇಳಲಿಲ್ಲ. ಶುಕ್ರವಾರ ಹೊಸಿಲು ತೊಳೆದು ಅರಿಶಿನ ಕುಂಕುಮ ಇಡುವಾಗ, ಬರಿದಾಗಿ ಕಾಣುತ್ತದೆಂದು ಆ ಕಲ್ಲಿಗೂ ಇಟ್ಟರು. ನಮ್ಮ ಜನ ಗೊತ್ತಲ್ಲ, ಕರಿಕಲ್ಲಿನ ಮೇಲೆ ಕುಂಕುಮ ಕಂಡರೆ ಕಾಲು ತಾನಾಗಿ ಚಪ್ಪಲಿ ಬಿಡುತ್ತದೆ. ಒಬ್ಬರು ಹೂವಿಟ್ಟರು, ಇನ್ನೊಬ್ಬರು ಪರೀಕ್ಷೆಗೆ ಮುಂಚೆ ಮಗಳನ್ನು ಕರೆತಂದರು. ವರ್ಷಗಳು ಕಳೆದಂತೆ ಆ ಮನೆಗೆ ದೇವಸ್ಥಾನ ಎಂದೇ ಹೆಸರಾಯಿತು, ರೋಮನ್ ನಂಬರುಗಳನ್ನು ಓದಲಾರದ ಪಾರ್ಸಲ್‌ನವರಿಗೆಲ್ಲ ಅದೇ ಗುರುತಾಯಿತು. ದೇವಸ್ಥಾನದಿಂದ ಎರಡನೇ ಮನೆ, ದೇವಸ್ಥಾನದಿಂದ ಹತ್ತನೇ ಮನೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ. ನಾನು ಮನೆ ನಂಬರ್ ಮಾಡಲು ಹೋಗಿ ಯಾರನ್ನು ಮಾಡಿದೆನೋ ಇನ್ನೂ ತಿಳಿದಿಲ್ಲ.

ಇವತ್ತು ಕೊರಿಯರ್ ತೆಗೆದುಕೊಳ್ಳಲು ಆ ಕಲ್ಲಿನವರೆಗೆ ಹೋದಾಗ ಅಜ್ಜಿ ತಮ್ಮ ಜಗಲಿಯ ಮೇಲೆ ಕೂತಿದ್ದರು. ದೇವರು ಬಂದದ್ದು ಖುಷಿಯೇ ಎಂದು ಕೇಳಿದೆ.

"ಏನ್ ಖುಸಿ? ಸೊನ್ನೆ ಮನೆ ಅನ್ನೋರೇ ಇಲ್ಲ. ಎಲ್ರೂ ಕೈಮುಗೀತಾರೆ, ಒಬ್ರೂ ಒಳಿಕ್ ಬರಾಕಿಲ್ಲ."

ಒಂದು ಸೊನ್ನೆ ತಾವೇ ಬರೆದುಕೊಳ್ಳಬಹುದಿತ್ತಲ್ಲ ಎಂದೆ.

"ನಾನೇ ಬರ್ಕೊಂಡ್ರೆ ಏನ್ ಬಂತಪ್ಪ? ನೀವ್ ಬರೀಬೇಕು."

ಈ ಮಾತು ಕೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಪಾರ್ಸಲನ್ನು ಜಗಲಿಯ ಮೇಲಿಟ್ಟು, ಮನೆಗೆ ಓಡಿ, ಗೇಟಿಗೆ ಬಳಿದು ಉಳಿದಿದ್ದ ಬಿಳಿ ಪೇಂಟ್ ತಂದೆ. ಕುಂಕುಮದ ಸುತ್ತ ದೊಡ್ಡದೊಂದು ಸೊನ್ನೆ ಎಳೆದೆ. ಸ್ವಲ್ಪ ಸೊಟ್ಟಗಾಯಿತು. ಅಜ್ಜಿ ಎದ್ದು ಬಂದು, ತಲೆ ಓರೆಮಾಡಿ ನೋಡಿ, ನನ್ನ ಬೆನ್ನು ಸವರಿದರು.

ಅಷ್ಟರಲ್ಲಿ ಶಿವಶಂಕರಪ್ಪನವರು ವಾಕಿಂಗ್ ಮುಗಿಸಿ ಬಂದರು. ದಿನದಂತೆ ಚಪ್ಪಲಿ ಬಿಟ್ಟರು, ಕಣ್ಣುಮುಚ್ಚಿ ಕೈಮುಗಿದರು. ಕಣ್ಣು ತೆರೆದು, ಇದೇನು ಹೊಸ ಅಲಂಕಾರ ಎಂದು ಕೇಳಿದರು.

"ಮನೆ ನಂಬ್ರು" ಎಂದರು ಅಜ್ಜಿ. "ಒಳಿಕ್ ಬಾ, ಕಾಪಿ ಕುಡ್ಕೊಂಡ್ ಹೋಗು."

ಶಿವಶಂಕರಪ್ಪನವರು ಸೊನ್ನೆಯನ್ನು ನೋಡಿದರು, ನನ್ನನ್ನು ನೋಡಿದರು. ಮುಗಿದ ಕೈಯನ್ನು ಬಿಡಿಸಲು ಮರೆತು, ಹಾಗೆಯೇ ಒಳಗೆ ಹೋದರು.