ಅಪ್ಪ ಬರೆದ ಹೊಗೆಯ ಬೋರ್ಡು

ಕಟಪಾಡಿಯಿಂದ ಒಳಗೆ ಬರುವ ರಸ್ತೆಯ ಒಂದು ತಿರುವಿನಲ್ಲಿ ನಮ್ಮ ಮನೆ. ಅಂಗಳದ ಆಚೆ ಅಮ್ಮನ ಮಲ್ಲಿಗೆ ಗಿಡಗಳು. ಅವಕ್ಕಾಗಿ ಅಮ್ಮ ಬೇಸಿಗೆ ಶುರುವಾಗುವಾಗ ಸುಡುಮಣ್ಣು ಮಾಡುತ್ತಾಳೆ. ತರಗೆಲೆ, ಕಡ್ಡಿ, ತೆಂಗಿನ ಸಿಪ್ಪೆ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೆ ಬೆಂಕಿ ಇಟ್ಟುಬಿಡುವುದು. ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಹೊಗೆ ಮಾತ್ರ ದಿನಗಟ್ಟಲೆ ಏಳುತ್ತಿರುತ್ತದೆ. ಎಲ್ಲ ಆರಿದ ಮೇಲೆ ಆ ಮಣ್ಣು ಗಿಡದ ಬುಡಕ್ಕೆ.

ಒಂದು ವರ್ಷ ಅಮ್ಮ ರಾಶಿಯನ್ನು ರಸ್ತೆಯ ಬದಿಗೇ ಹಾಕಿದಳು. ಮರುದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಹೊಗೆ ಮೇಲೇಳದೆ ತಿರುವಿನಲ್ಲೇ ಮಲಗಿಬಿಟ್ಟಿತು. ಮೀನಿನವನ ಸ್ಕೂಟರು ಹೊಗೆಯೊಳಗೆ ಹೋದದ್ದು ಕಂಡಿತು, ಹೊರಗೆ ಬಂದದ್ದು ಕಾಣಲಿಲ್ಲ. ನಾವು ಓಡಿ ಹೋಗಿ ನೋಡಿದರೆ ಸ್ಕೂಟರು ಚರಂಡಿಯಲ್ಲಿತ್ತು, ಬಂಗುಡೆ ರಸ್ತೆಯ ತುಂಬ ಹರಡಿತ್ತು, ಮೀನಿನವ ನಮ್ಮ ಬೇಲಿಗೆ ಒರಗಿ ಕೂತಿದ್ದ. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ಬೆಂಕಿ ಹಾಕುವುದು ಹಾಕಿ ಅಕ್ಕಾ. ಒಂದು ಬೋರ್ಡಾದರೂ ಬೇಡವಾ?" ಎಂದ.

ಅಮ್ಮ ಅಷ್ಟೂ ಬಂಗುಡೆಯನ್ನು ಕೊಂಡಳು. ಆ ವಾರವಿಡೀ ನಾವು ಬಂಗುಡೆಯನ್ನೇ ತಿಂದೆವು.

ಬೋರ್ಡಿನ ಮಾತು ಅಪ್ಪನ ತಲೆಯಲ್ಲಿ ಕೂತಿತು. ಅಪ್ಪ ನಿವೃತ್ತ ಗಣಿತದ ಮಾಸ್ತರು. "ಹೊರದೇಶದಲ್ಲಿ ಕಾಡಿಗೆ ಬೆಂಕಿ ಬಿದ್ದರೆ, ಅವರೇ ಬೇಕೂಂತ ಹಚ್ಚಿದರೂ, ರಸ್ತೆಯಲ್ಲಿ ಮೊದಲೇ ಬೋರ್ಡು ಇಡುತ್ತಾರಂತೆ" ಎಂದರು.

"ಅದು ಕಾಡು. ಇದು ನನ್ನ ಮಲ್ಲಿಗೆ" ಎಂದಳು ಅಮ್ಮ.

"ಹೊಗೆಗೆ ಅದೆಲ್ಲ ಎಂತ ಗೊತ್ತು?"

ಅಟ್ಟದಿಂದ ಒಂದು ಹಳೆಯ ತಗಡು ಇಳಿಯಿತು. ಮನೆಯಲ್ಲಿ ನಾವು ಮಾತಾಡುವುದು ತುಳು. ಬೋರ್ಡಿಗೆ ಮಾತ್ರ ಕನ್ನಡ ಬೇಕಲ್ಲ. 'ಹೊಗೆ ಇದೆ' ಎನ್ನುವುದೋ 'ಹೊಗೆ ಉಂಟು' ಎನ್ನುವುದೋ ಎಂಬ ಚರ್ಚೆ ಊಟದವರೆಗೆ ನಡೆಯಿತು. "'ಇದೆ' ಅಂದರೆ ಘಟ್ಟದ ಮೇಲಿನವರು ಬಂದು ಹೊಗೆ ಹಾಕಿದ ಹಾಗೆ ಕೇಳುತ್ತದೆ" ಎಂದು ಅಪ್ಪ ತೀರ್ಮಾನಿಸಿದರು. ಸ್ಕೇಲು ಹಿಡಿದು ಅಕ್ಷರಕ್ಕೊಂದು ಚೌಕ ಎಳೆದು, ಕೆಂಪು ಪೇಂಟಿನಲ್ಲಿ ಸಂಜೆಯವರೆಗೆ ಬರೆದರು. ಹೊಗೆ ಸಿಗುವ ಮೊದಲೇ ಬೋರ್ಡು ಸಿಗಬೇಕಲ್ಲ ಎಂದು ಅದನ್ನು ತಿರುವಿಗಿಂತ ಹಿಂದೆ, ಪಕ್ಕದ ಮನೆಯ ಗೇಟಿನ ಹತ್ತಿರದ ಕರೆಂಟು ಕಂಬಕ್ಕೆ ಕಟ್ಟಿದರು.

ಆ ಮನೆಯವರನ್ನು, ನಮ್ಮಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ, ನಾವು ಪೊರ್ಬುಗಳು ಎನ್ನುತ್ತೇವೆ. ಗಲ್ಫಿನಲ್ಲಿ ದುಡಿದು ಬಂದು ಈಗ ಕೋಳಿ ಸಾಕಿಕೊಂಡಿದ್ದರು. ಆಗ ಅವರು ಮಗಳ ಮನೆಗೆಂದು ಕಾರ್ಕಳಕ್ಕೆ ಹೋಗಿದ್ದರು. ಹೊರಡುವ ಮುಂಚೆ, ಅವರ ಕೋಳಿಗಳು ಮಲ್ಲಿಗೆ ಬುಡ ಕೆದರಿದ್ದಕ್ಕೆ ಅಮ್ಮ ಬೇಲಿಯಾಚೆಯಿಂದ ನಾಲ್ಕು ಮಾತು ಆಡಿದ್ದಳು.

ವಾಪಸು ಬಂದ ಪೊರ್ಬುಗಳು ನಮ್ಮನ್ನು ಮಾತಾಡಿಸಲಿಲ್ಲ. ಅಪ್ಪ ಕೈ ಎತ್ತಿದರೆ ಅವರು ತೆಂಗಿನ ಮರದ ತುದಿ ನೋಡಿದರು. ಎರಡು ದಿನದಲ್ಲಿ ಅವರ ಗೇಟಿಗೂ ಒಂದು ಬೋರ್ಡು ಬಂತು: 'ಇಲ್ಲಿ ಹಗೆ ಇಲ್ಲ.'

ಅಪ್ಪ ಅದನ್ನು ಓದಿ ಬಂದು ತುಂಬ ಬೇಸರಪಟ್ಟರು. "ಪಾಪ, ಗಲ್ಫಿನಲ್ಲೇ ಇದ್ದು ಕನ್ನಡ ಮರೆತಿದ್ದಾರೆ. ಹೊಗೆ ಅನ್ನುವುದಕ್ಕೆ ಹಗೆ ಅಂತ ಬರೆದಿದ್ದಾರೆ. ಅದೂ ಸುಳ್ಳು. ರಸ್ತೆಯಲ್ಲಿ ಹೊಗೆ ಇಟ್ಟುಕೊಂಡು ಇಲ್ಲ ಅಂತ ಬರೆದರೆ ಯಾರಾದರೂ ಬಂದು ಗುದ್ದುವುದಿಲ್ಲವಾ?"

ಅದು ಆದ ಮರುದಿನ ನಾನು ಮಣಿಪಾಲದಲ್ಲಿ ಕೆಲಸದಲ್ಲಿದ್ದೆ. ಪಕ್ಕದ ಮೇಜಿನವಳು ಮೊಬೈಲು ಮುಂದೆ ಹಿಡಿದಳು. "ಇದು ನಿಮ್ಮ ಕಡೆಯ ರಸ್ತೆ ಅಲ್ವಾ? ನಮ್ಮ ಬನ್ನಂಜೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದು."

ಫೋಟೋದಲ್ಲಿ ಅಪ್ಪನ ಕೆಂಪು ಅಕ್ಷರಗಳು: 'ಮುಂದೆ ಹಗೆ ಉಂಟು. ನಿಧಾನವಾಗಿ ಹೋಗಿ.' ಹಿಂದೆ, ಗೇಟಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ಪೊರ್ಬುಗಳು.

ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ. ಏನು ಬರೆದಿದೆ ಎಂದು ಮೊದಲೇ ಗೊತ್ತಿದ್ದರೆ ಯಾರೂ ಓದುವುದಿಲ್ಲ. ಅಪ್ಪನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅಮ್ಮ ಎತ್ತಿದಳು. "ಅಪ್ಪ ಪೇಂಟಿನ ಡಬ್ಬಿ ಹಿಡಿದುಕೊಂಡು ಹೋದರು. ಪೊರ್ಬುಗಳ ಬೋರ್ಡು ಸರಿ ಮಾಡಿ ಬರುತ್ತೇನೆ ಅಂದರು."

ಅರ್ಧ ದಿನದ ರಜೆ ಹಾಕಿ ಸ್ಕೂಟರು ಹತ್ತಿದೆ. ನಾನು ತಲುಪುವಾಗ ಅಪ್ಪ ಗೇಟಿನೆದುರು ಕುಕ್ಕರಗಾಲಿನಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು, ಪೊರ್ಬುಗಳ 'ಹ'ಕ್ಕೆ ಒತ್ವ ಕೊಡುತ್ತಿದ್ದರು. ಪೊರ್ಬುಗಳು ಹಿಂದೆಯೇ ನಿಂತಿದ್ದರು. ಕುತ್ತಿಗೆಯವರೆಗೆ ಕೆಂಪಾಗಿದ್ದರು.

"ಎಂತ ಮಾಸ್ತರೇ ಇದು? ಹಗೆ ಇಲ್ಲ ಅಂತ ಬರೆದರೂ ನಿಮಗೆ ಆಗುವುದಿಲ್ಲವಾ?"

"ಬೇಸರ ಮಾಡಬೇಡಿ ಪೊರ್ಬುಗಳೇ. ತಪ್ಪು ಎಲ್ಲರಿಗೂ ಆಗುತ್ತದೆ" ಎಂದರು ಅಪ್ಪ, ಶಾಲೆಯ ದನಿಯಲ್ಲಿ.

ಪೊರ್ಬುಗಳು ಅಪ್ಪನ ಮೊಣಕೈ ಹಿಡಿದು ಎಬ್ಬಿಸಿ, ಕಂಬದ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದರು. "ಓದಿ."

ಅಪ್ಪ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಅವರ ಕಿವಿ ಕೆಂಪಾಗುವುದನ್ನು ನಾನು ನೋಡಿದ್ದು ಅದೇ ಮೊದಲು.

"ಚೌಕದಲ್ಲಿ ಜಾಗ ಸಾಕಾಗಲಿಲ್ಲ. ಒತ್ವ ಆಮೇಲೆ ಹಾಕುವ ಅಂತ ಬಿಟ್ಟದ್ದು..." ಎಂದರು ಮೆಲ್ಲಗೆ. "ಅಲ್ಲದೆ ನಾನು ಗಣಿತದವ."

ಪೊರ್ಬುಗಳಿಗೆ ಇನ್ನೂ ಅರ್ಥವಾಗಿರಲಿಲ್ಲ. ನಾನು ಸುಡುಮಣ್ಣಿನ ರಾಶಿ ತೋರಿಸಿ, ಬಂಗುಡೆಯ ಕತೆ ಹೇಳಿದೆ. ಅವರು ಒಮ್ಮೆ ರಾಶಿ ನೋಡಿದರು, ಒಮ್ಮೆ ಬೋರ್ಡು ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕಂಬ ಹಿಡಿದುಕೊಳ್ಳಬೇಕಾಯಿತು. "ಬಸ್ಸಿನವರೆಲ್ಲ ನಿಲ್ಲಿಸಿ ಕೇಳಿದ್ದಾರೆ ಮಾರಾಯರೇ, ಯಾರ ಒಟ್ಟಿಗೆ ಗಲಾಟೆ ಅಂತ! ನಾನು ಕೋಳಿಯ ವಿಷಯವೇ ಅಂದುಕೊಂಡೆ. ನಾಲ್ಕು ಕೋಳಿ ಮಾರಿಯೂ ಬಿಟ್ಟೆ."

ಅವರು ತಗಡು ಹಿಡಿದರು, ಅಪ್ಪ ಒತ್ವ ಹಾಕಿದರು. ಗೇಟಿನ ಬೋರ್ಡಿನ ಮೇಲಿನ ಹಸಿ ಒತ್ವವನ್ನು ಒರೆಸಲು ಅಪ್ಪ ಪಂಚೆಯ ತುದಿ ಎತ್ತಿದರು. "ಒರೆಸಿ ಮಾಸ್ತರೇ, ಆದರೆ ಬೋರ್ಡು ಅಲ್ಲೇ ಇರಲಿ" ಎಂದರು ಪೊರ್ಬುಗಳು. "ಪಾದ್ರಿಗಳು ಮನೆಗೆ ಬಂದರೆ ನೋಡಿ ಖುಷಿಪಡುತ್ತಾರೆ."

ಅಮ್ಮನ ಹೊಗೆ ಆರಿದ ಮೇಲೆ ನಮ್ಮ ತಗಡಿಗೆ ಬೇಡಿಕೆ ಬಂತು. ಕಾರ್ಕಳದ ಹತ್ತಿರದ ಕುಕ್ಕುಂದೂರಿನಲ್ಲಿ ಪೊರ್ಬುಗಳ ಅಳಿಯನಿಗೆ ರಸ್ತೆ ಬದಿಯ ಒಣಹುಲ್ಲು ಸುಡಬೇಕಿತ್ತು. ಬೋರ್ಡು ಕಾರಿನ ಡಿಕ್ಕಿಯಲ್ಲಿ ಹೋಯಿತು. ಕೆಲವು ದಿನ ಬಿಟ್ಟು ಕಾರ್ಕಳದ ಕಡೆ ಒಂದು ಮದುವೆಗೆ ಬಸ್ಸಿನಲ್ಲಿ ಹೋಗುವಾಗ ಅದನ್ನು ಕಂಡೆ. ಡ್ರೈವರು ವೇಗ ತಗ್ಗಿಸಿದ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನು ಗಟ್ಟಿಯಾಗಿ ಓದಿ, ಮಡಿಲಲ್ಲಿದ್ದ ಹೊಸ ರೇಷ್ಮೆ ಸೀರೆಗೆ ಹೊಗೆ ತಾಗದ ಹಾಗೆ ಚೀಲದ ಬಾಯಿ ಬಿಗಿದು ಹಿಡಿದು, ಕಿಟಕಿಯ ಗಾಜು ಎಳೆದಳು.