ಹಾಡುಗಾರನ ಮನೆಯ ಜಗಲಿ

ಇವತ್ತು ಬೆಳಿಗ್ಗೆ ಚಳಿಯ ಕೋಟು ತೆಗೆಯಲೆಂದು ಕ್ಲಾಸೆಟ್ಟಿನ ಬಾಗಿಲು ತೆರೆದರೆ, ಮೇಲಿನಿಂದ ಇವರ ಕೌಬಾಯ್ ಟೋಪಿ ನೇರ ನನ್ನ ತಲೆಗೇ ಬಿತ್ತು. ನುಸಿಗುಳಿಗೆಯ ಘಾಟು, ಅದರ ಹಿಂದೆ ಸಣ್ಣಗೆ ಒಣಹುಲ್ಲಿನ ವಾಸನೆ. ಮಿಸ್ಸಿಸಾಗದ ಮನೆಯೊಳಗೆ ಒಣಹುಲ್ಲು ಎಲ್ಲಿಂದ ಬಂತು ಎನ್ನುತ್ತೀರಾ? ಅದನ್ನೇ ಹೇಳಹೊರಟಿದ್ದೇನೆ. ಮಾತು ಆಚೀಚೆ ಹೋದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಇವರೆಂದರೆ ನನ್ನ ಗಂಡ. ಉಡುಪಿ ಕಡೆಯ ತುಳು ಮನೆಯವರು. ಕೆನಡಾಕ್ಕೆ ಬಂದ ಹೊಸದರಲ್ಲಿ ಫ್ಯಾಕ್ಟರಿಯ ಶಿಫ್ಟಿನಲ್ಲಿ ಸದಾ ಹಾಡುತ್ತಿದ್ದ ರೇಡಿಯೊದಿಂದ ಇವರಿಗೆ ಕಂಟ್ರಿ ಮ್ಯೂಸಿಕ್ಕಿನ, ಅಂದರೆ ಇಲ್ಲಿಯ ಹಳ್ಳಿಗಾಡಿನ ಹಾಡುಗಳ, ಹುಚ್ಚು ಹತ್ತಿತು; ತಾವೂ ಹಾಡತೊಡಗಿದರು. ನಾನೋ ಮಂಗಳೂರಿನ ಕಾನ್ವೆಂಟಿನವಳು. ಸಿಸ್ಟರುಗಳು ನಮ್ಮನ್ನು ಚರ್ಚಿನ ಕ್ವಾಯರಿನಲ್ಲಿ ನೆಟ್ಟಗೆ ನಿಲ್ಲಿಸಿ, "ಓಪನ್ ಯುವರ್ ಮೌತ್ಸ್, ಗರ್ಲ್ಸ್" ಎಂದು ಹಾಡು ಕಲಿಸಿದ್ದರು. ಟ್ರಕ್ಕು ಕೆಟ್ಟಿತು, ನಾಯಿ ಸತ್ತಿತು, ಹೆಂಡತಿ ಬಿಟ್ಟುಹೋದಳು ಎಂಬ ಆ ಗೋಳು ನನಗೆ ಸಂಗೀತವೆಂದೇ ಅನಿಸುತ್ತಿರಲಿಲ್ಲ.

"ಎಂತ ಮಾರಾಯ್ರೆ, ಇವನ ನಾಯಿ ಎಷ್ಟು ಸಲ ಸಾಯುವುದು?" ಎನ್ನುತ್ತಿದ್ದೆ.

"ನಿನ್ನ ಹಾಡುಗಳಲ್ಲಿ ನಾಯಿಯೇ ಇಲ್ಲವಲ್ಲ ಮಾರಾಯ್ತಿ, ಪಾಪ!"

ಕೆಲವು ವರ್ಷಗಳ ಹಿಂದೆ ಇವರ ಸ್ವರ ಒಡೆಯತೊಡಗಿತು. ಗಂಟಲಲ್ಲಿ ಗೆಡ್ಡೆ. ತೆಗೆಯಲೇಬೇಕು, ತೆಗೆದ ಮೇಲೆ ಸ್ವರ ಉಳಿಯುವ ಭರವಸೆ ಇಲ್ಲ ಎಂದರು ಡಾಕ್ಟರು. ವಾಪಸು ಬರುವಾಗ ಸ್ಟ್ರೀಟ್ಸ್‌ವಿಲ್ಲಿನ ಸಿಗ್ನಲ್ಲಿನಲ್ಲಿ ಇವರು ಬಾಯಿ ಬಿಟ್ಟರು: "ಅದಕ್ಕೆ ಮೊದಲು ಅವನ ಮನೆಯ ಜಗಲಿಯಲ್ಲಿ ಒಂದು ಹಾಡು ಹಾಡಬೇಕು ನನಗೆ."

ಅವನೆಂದರೆ ಇವರ ಮೆಚ್ಚಿನ ಹಾಡುಗಾರ, ಆಗಲೇ ತೀರಿಹೋಗಿದ್ದ. ವಿಟ್ಬಿ ದಾಟಿ ಉತ್ತರಕ್ಕೆ ತಿರುಗಿದರೆ ಜೋಳದ ಹೊಲಗಳ ನಡುವೆ ಅವನು ಬೆಳೆದ ಮನೆ. ಟಿಕೆಟ್ ಇಟ್ಟು ತೋರಿಸುತ್ತಿದ್ದರು.

ಹೊರಡುವ ಮುಂಚೆ ನಾನು ರವೆಲಾಡು ಕಟ್ಟಿದೆ. ಮಗಳು ಹಣೆ ಚಚ್ಚಿಕೊಂಡಳು. "ಅಮ್ಮಾ, ಇಟ್ಸ್ ಎ ಮ್ಯೂಸಿಯಂ! ಮ್ಯೂಸಿಯಮ್ಮಿಗೆ ಯಾರಾದ್ರೂ ಸ್ವೀಟ್ಸ್ ತಗೊಂಡು ಹೋಗ್ತಾರಾ?"

"ಮನೆ ಅಂದ ಮೇಲೆ ಮನೆಯೇ. ಕೈಬೀಸಿಕೊಂಡು ಹೋಗ್ಲಿಕ್ಕೆ ಆಗ್ತದಾ?"

ಸಣ್ಣ ಮರದ ಮನೆ, ಪಕ್ಕದಲ್ಲಿ ದನದ ಕೊಟ್ಟಿಗೆ. ಟಿಕೆಟ್ ಹರಿದುಕೊಟ್ಟವಳು ಹಾಡುಗಾರನ ತಂಗಿ ಐರಿನ್. ನಮ್ಮದೇ ಪ್ರಾಯ, ಹೆಡ್‌ಮಿಸ್ಟ್ರೆಸ್ಸಿನ ಮುಖ. ನಾವಿಬ್ಬರೂ ಅಭ್ಯಾಸಬಲದಿಂದ ಬಾಗಿಲಲ್ಲೇ ಶೂ ಕಳಚಿದೆವು. ಇವರ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಬೂಟು ಹಾಕಿಕೊಂಡೇ ಓಡಾಡುತ್ತಿದ್ದ ಬೇರೆ ಪ್ರವಾಸಿಗರು ಅದನ್ನೂ ಪ್ರದರ್ಶನಕ್ಕಿಟ್ಟ ವಸ್ತುವೆಂಬಂತೆ ನೋಡಿದರು. ಒಳಗೆ ಮಂಚ, ಒಲೆ, ಊಟದ ಮೇಜು ಎಲ್ಲಕ್ಕೂ ಅಡ್ಡ ಹಗ್ಗ. ಜಗಲಿಗೂ ಹಗ್ಗ.

ಜಗಲಿಯಲ್ಲಿ ಒಂದು ಹಾಡು ಹಾಡಬಹುದೇ ಎಂದು ಇವರು ಮೆಲ್ಲಗೆ ಕೇಳಿದರು. ಐರಿನ್ ಆಗದೆಂದು ತಲೆಯಾಡಿಸಿದಳು. "ಸಾರಿ ಸರ್. ಒಬ್ಬರನ್ನು ಬಿಟ್ಟರೆ ನಾಳೆ ಊರೆಲ್ಲ ಗಿಟಾರ್ ಹಿಡಿದು ಬರುತ್ತದೆ."

"ನೋ ಪ್ರಾಬ್ಲಮ್," ಎಂದು ಇವರು ಟೋಪಿಯ ಅಂಚು ತಿರುಗಿಸುತ್ತಾ ನಿಂತರು. ಆ ನೋ ಪ್ರಾಬ್ಲಮ್ಮಿನ ಅರ್ಥ ನನಗೆ ಗೊತ್ತು.

ನನ್ನ ಕೈಯಲ್ಲಿ ಲಾಡಿನ ಡಬ್ಬಿ ಹಾಗೇ ಇತ್ತು. ಹೋದ ಮನೆಯಲ್ಲಿ ತಿಂಡಿಯನ್ನು ಅಡುಗೆಮನೆಗೆ ಒಯ್ದು ಕೊಡುವುದು ನಮ್ಮ ಕ್ರಮ. ಹಾಗಾಗಿ ಹಗ್ಗ ಎತ್ತಿ, ಕೆಳಗಿನಿಂದ ನುಸುಳಿ, ಡಬ್ಬಿಯನ್ನು ಆ ಮೇಜಿನ ಮೇಲಿಟ್ಟೆ.

"ಮ್ಯಾಮ್! ಆ ಟೇಬಲ್ ನೋಡಲಿಕ್ಕೆ ಮಾತ್ರ!" ಐರಿನ್ ಓಡಿಬಂದಳು.

"ತಿಂಡಿ ಮತ್ತೆಲ್ಲಿ ಇಡುವುದು?" ಎಂದೆ. ಹೇಳಬಾರದೆಂದುಕೊಂಡದ್ದನ್ನೂ ಹೇಳಿಬಿಟ್ಟೆ: ಗಂಟಲು, ಬರುವ ವಾರದ ಆಪರೇಷನ್ನು, ಎಲ್ಲ.

ಅವಳು ಡಬ್ಬಿಯನ್ನು ನೋಡಿದಳು, ನಮ್ಮ ಕಾಲುಗಳನ್ನು ನೋಡಿದಳು. "ಅಮ್ಮ ಹೋದ ಮೇಲೆ ಈ ಟೇಬಲ್ಲಿನ ಮೇಲೆ ಯಾರೂ ತಿಂಡಿ ಇಟ್ಟಿಲ್ಲ," ಎಂದಳು. ನಿಂತಲ್ಲೇ ಒಂದು ಲಾಡು ತಿಂದು, ಬೆರಳು ಒರೆಸಿಕೊಂಡು, ಹೋಗಿ ಜಗಲಿಯ ಹಗ್ಗ ಬಿಚ್ಚಿದಳು. "ಒಂದೇ ಹಾಡು. ಕೊಟ್ಟಿಗೆಯ ಕಡೆ ಮುಖ ಮಾಡಿ ಹಾಡಿ. ನಮ್ಮಣ್ಣ ದನಗಳಿಗೇ ಹಾಡುತ್ತಿದ್ದದ್ದು."

ಇವರು ಟೋಪಿಯನ್ನು ಜಗಲಿಯಲ್ಲಿದ್ದ ಒಣಹುಲ್ಲಿನ ಕಟ್ಟಿನ ಮೇಲಿಟ್ಟು ಹಾಡಿದರು. ಮನೆಗೆ ಬಾರದ ಮಗನಿಗಾಗಿ ದೀಪ ಹಚ್ಚಿಡುವ ತಾಯಿಯ ಹಾಡು. ಸ್ವರ ಮೇಲೇರುವ ಕಡೆ ಗಂಟಲು ಕೈಕೊಟ್ಟಿತು. ನಿಲ್ಲಿಸಿ ನನ್ನತ್ತ ನೋಡಿದರು. ಇಷ್ಟು ವರ್ಷ ಇವರು ಕಾರಿನಲ್ಲಿ ಹಾಕಿದಾಗೆಲ್ಲ ನಾನು ಗೊಣಗುತ್ತಾ ಕೇಳಿದ ಹಾಡು ಅಷ್ಟೂ ನನಗೆ ಬಾಯಿಪಾಠವಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಬಾಯಿ ಅಗಲಿಸಿ, ಕ್ವಾಯರಿನ ತಾರಸ್ವರದಲ್ಲಿ ಉಳಿದದ್ದನ್ನು ಮುಗಿಸಿದೆ.

ಐರಿನ್ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. "ನಮ್ಮಣ್ಣನನ್ನು ಎಳೆದು ಚರ್ಚಿನೊಳಗೆ ಕೂರಿಸಿದಿರಲ್ಲ!"

ಗೆಡ್ಡೆ ಹೋಯಿತು. ಸ್ವರವೂ ಹೋಯಿತು. ಈಗ ಇವರದು ಕೈಸನ್ನೆ, ತುಸು ಪಿಸುಮಾತು. ಆ ಹಾಡು ನಮ್ಮ ಮನೆಯಲ್ಲಿ ಮತ್ತೆ ಕೇಳಿಸಿರಲಿಲ್ಲ. ನೋವಾದೀತೆಂದು ನಾನು ಹಾಕುತ್ತಿರಲಿಲ್ಲ, ಹಾಕೆಂದು ಇವರೂ ಕೇಳುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಕಾಫಿ ಸೋಸುತ್ತಾ ನನಗರಿವಿಲ್ಲದೆ ಅದನ್ನೇ ಹಾಡುತ್ತಿದ್ದೆ. ಹಿಂದೆ ಮೇಜಿನ ಮೇಲೆ ಬೆರಳುಗಳು ತಾಳ ಹಾಕತೊಡಗಿದವು. ತಿರುಗಿದೆ. ಇವರು ಮುಖ ಸಿಂಡರಿಸಿ, ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ ತೋರಿಸಿದರು: ಅಷ್ಟು ಮೇಲಲ್ಲ, ಕೆಳಗೆ. ಇಳಿಸಿದೆ. ಇನ್ನೂ ಕೆಳಗೆ. ಇವರ ಹಳೆಯ ಶ್ರುತಿ ಸಿಕ್ಕಿದಾಗ ಆ ಕೈ ನಿಂತಿತು, ಕಣ್ಣುಗಳು ಮುಚ್ಚಿದವು. ಕಾಫಿ ಆರಿದರೆ ಆರಲಿ ಎಂದು ನಾನು ಮೊದಲಿನಿಂದ ಹಾಡಿದೆ.